ಚಿತ್ರ ತೆಗೆಯುವುದು ಕೆಲಸವಲ್ಲವೇ?

ನಮ್ಮ ಶಾಲೆಯ ಮಕ್ಕಳಲ್ಲಿ ಡೊರೆಮಾನನನ್ನು ಅರಿಯದವರು ಯಾರೂ ಇರಲಿಕ್ಕಿಲ್ಲ. ಹಿಂದಿಯಲ್ಲಿ ಮಾತನಾಡುವ ಆ ನೀಲಿ ಬೆಕ್ಕು ಸಂಜೆಯಾಗುತ್ತಲೇ ಮನೆಮನೆಯ ಟಿ.ವಿ.ಯಲ್ಲಿ ಬಂದು ಕೂಡುತ್ತದೆ. ತಾಯಿಯವರು ಅಭ್ಯಾಸದ ನೆನಪು ಮಾಡಿಕೊಟ್ಟು ಬಂದ್ ಮಾಡುವವರೆಗೆ ಏಳುವುದಿಲ್ಲ. ಆದರೆ ಆ ಬೆಕ್ಕು ಹುಟ್ಟಿದ್ದು ಟಿ.ವಿ.ಯಲ್ಲಿ ಅಲ್ಲ, ಕಾಗದದ ಮೇಲೆ. 1969ರ ಕೊನೆಗೆ ಹಿರೋಶಿ ಫುಜಿಮೋಟೊ ಎಂಬ ಜಪಾನೀ ಚಿತ್ರಕಾರರು ಮಕ್ಕಳ ಮಾಸಿಕಗಳಿಗಾಗಿ ಅದನ್ನು ಶಾಯಿಯಿಂದ ಬರೆಯತೊಡಗಿದರು. 1996ರಲ್ಲಿ ತೀರಿಕೊಳ್ಳುವವರೆಗೆ ಅವರ ಜೀವನವೆಲ್ಲ ಚಿತ್ರ ಬರೆಯುವುದರಲ್ಲಿಯೇ ಕಳೆಯಿತು. ಜಪಾನಿನಲ್ಲಿ ಇಂಥ ಚಿತ್ರಕಥೆಗಳಿಗೆ 'ಮಾಂಗಾ' ಎನ್ನುತ್ತಾರೆ. ಫುಜಿಮೋಟೊ ಅವರು ಗುರುವಿನಂತೆ ಕಂಡ ಒಸಾಮು ತೆಜುಕಾ ಅವರು ವೈದ್ಯಕೀಯ ಕಲಿತವರು. ಡಾಕ್ಟರಿಕೆಯನ್ನು ಬಿಟ್ಟು ಚಿತ್ರಕಥೆಯನ್ನು ಹಿಡಿದರು. ನಮ್ಮ ದೇಶದ ಬುದ್ಧನ ಚರಿತ್ರೆಯನ್ನೇ ಸಾವಿರಾರು ಪುಟಗಳ ಚಿತ್ರಗಳಲ್ಲಿ ಹೇಳಿದರು. ಅಲ್ಲಿ ಅದನ್ನು ಯಾರೂ ಹುಡುಗಾಟವೆಂದು ತಿಳಿಯಲಿಲ್ಲ.

ಇನ್ನು ನಮ್ಮ ಕಡೆಯ ಮಾತು. ಸೋಲಾಪುರವಿರಲಿ, ಅಕ್ಕಲಕೋಟವಿರಲಿ, ನಡುವಿನ ಯಾವ ಹಳ್ಳಿಯಿರಲಿ, ಎಂಟನೆಯ ಇಯತ್ತೆಯ ಹುಡುಗನೊಬ್ಬ ವಹಿಯ ಕೊನೆಯ ಪುಟದಲ್ಲಿ ಎತ್ತಿನ ಚಿತ್ರ ತೆಗೆಯುತ್ತ ಕುಳಿತರೆ ಮನೆಯಲ್ಲಿ ಕೇಳಿಬರುವ ಮಾತು ಒಂದೇ: "ಏನ್ ಗೀಚಲಾಕತ್ತೀಯೋ? ಚಿತ್ರಾ ತಗದ್ರ ಹೊಟ್ಟಿ ತುಂಬತದೇನು?" ಶಾಲೆಗಳಾದರೂ ಬೇರೆ ಏನು ಹೇಳುತ್ತವೆ? ಪರೀಕ್ಷೆ ಹತ್ತಿರ ಬಂತೆಂದರೆ ಮೊದಲು ಕಾಣೆಯಾಗುವುದು ಚಿತ್ರಕಲೆಯ ತಾಸು. ಆ ತಾಸಿನಲ್ಲಿ ಗಣಿತ ನಡೆಯುತ್ತದೆ, ಇಲ್ಲವೆ ವಿಜ್ಞಾನ ನಡೆಯುತ್ತದೆ. ಗಣಿತದ ತಾಸಿನಲ್ಲಿ ಚಿತ್ರಕಲೆ ನಡೆದ ಶಾಲೆಯನ್ನು ನಾವಂತೂ ಈವರೆಗೆ ಕಂಡಿಲ್ಲ.

ಚಿತ್ರ ತೆಗೆಯುವುದು ಬಿಡುವಿನ ವೇಳೆಯ ವಿನೋದವಲ್ಲ. ಅದು ಕಲಿತು, ದುಡಿದು, ದಿನವೂ ಮಾಡಬೇಕಾದ ಒಂದು ಕೆಲಸ. ಗಣಿತದಷ್ಟೇ ಕಣ್ಣು-ಬುದ್ಧಿಗಳನ್ನು ಬೇಡುವ ಕೆಲಸ. ಇದು ನಮ್ಮ ಸ್ಪಷ್ಟ ಅಭಿಪ್ರಾಯ. ಇದಕ್ಕೆ ಸಾಕ್ಷಿಯಾಗಿ ಜಪಾನಿನವರೆಗೆ ಹೋಗಬೇಕಾಗಿಲ್ಲ. ಮೈಸೂರಿನಲ್ಲಿ ಹುಟ್ಟಿ, ಮುಂಬಯಿಯಲ್ಲಿ ದುಡಿದು, ಪುಣೆಯಲ್ಲಿ ಕಣ್ಣು ಮುಚ್ಚಿದ ಒಬ್ಬ ಮಹನೀಯರ ಜೀವನವನ್ನು ನೋಡಿದರೆ ಸಾಕು. ಅವರೇ ಆರ್. ಕೆ. ಲಕ್ಷ್ಮಣ್.

ಲಕ್ಷ್ಮಣರು 1921ರ ಅಕ್ಟೋಬರ 24ರಂದು ಮೈಸೂರಿನಲ್ಲಿ ಹುಟ್ಟಿದರು. ತಂದೆ ಶಾಲೆಯ ಮುಖ್ಯೋಪಾಧ್ಯಾಯರು. 'ಮಾಲ್ಗುಡಿ' ಎಂಬ ಊರನ್ನು ಕಲ್ಪಿಸಿ ಕಥೆಗಳನ್ನು ಬರೆದ ಆರ್. ಕೆ. ನಾರಾಯಣರು ಅವರ ಅಣ್ಣ. ಮನೆಯಲ್ಲಿ ಇಂಗ್ಲಂಡಿನಿಂದ ಬರುವ ಸಚಿತ್ರ ಪತ್ರಿಕೆಗಳಿದ್ದವು. ಅಕ್ಷರ ಓದಲು ಬರುವ ಮೊದಲೇ ಈ ಬಾಲಕನು ಅವುಗಳಲ್ಲಿಯ ಚಿತ್ರಗಳನ್ನು ಓದತೊಡಗಿದನು. ನಂತರ ನೆಲ, ಗೋಡೆ, ಬಾಗಿಲು ಯಾವುದನ್ನೂ ಬಿಡದೆ ಗೆರೆ ಎಳೆದನು. (ಇದನ್ನು ಓದಿ ನಮ್ಮ ಮಕ್ಕಳು ಶಾಲೆಯ ಹೊಸದಾಗಿ ಸುಣ್ಣ ಬಳಿದ ಗೋಡೆಗಳ ಕಡೆಗೆ ನೋಡಬಾರದೆಂದು ವಿನಂತಿ.) ಒಮ್ಮೆ ತರಗತಿಯಲ್ಲಿ ಮಾಸ್ತರರು ಎಲ್ಲರಿಗೂ ಎಲೆಯ ಚಿತ್ರ ತೆಗೆಯಲು ಹೇಳಿದರು. ಲಕ್ಷ್ಮಣನು ತೆಗೆದ ಅರಳೀ ಎಲೆಯನ್ನು ಕಂಡು ಮೆಚ್ಚಿಕೊಂಡರು. ತಾನೊಬ್ಬ ಚಿತ್ರಕಾರನೆಂಬ ಭಾವನೆ ಅಂದಿನಿಂದ ಆ ಹುಡುಗನಲ್ಲಿ ನೆಲೆಗೊಂಡಿತು. ಬಹುಮಾನವಿಲ್ಲ, ಪ್ರಶಸ್ತಿಪತ್ರವಿಲ್ಲ; ಮಾಸ್ತರರ ಬಾಯಿಂದ ಬಂದ ಒಂದು ಒಳ್ಳೆಯ ಮಾತು, ಅಷ್ಟೇ. ನಮ್ಮ ಶಿಕ್ಷಕ ಬಂಧುಗಳು ಇದನ್ನು ಲಕ್ಷ್ಯದಲ್ಲಿಡುವುದು ಒಳಿತು.

ಆಗ ಮದ್ರಾಸಿನ 'ಹಿಂದೂ' ಪತ್ರಿಕೆಯಲ್ಲಿ ಡೇವಿಡ್ ಲೋ ಎಂಬ ಪ್ರಸಿದ್ಧ ವ್ಯಂಗ್ಯಚಿತ್ರಕಾರರ ಚಿತ್ರಗಳು ಬರುತ್ತಿದ್ದವು. ಬಾಲಕ ಲಕ್ಷ್ಮಣನು ಅವರ ಭಕ್ತ. ಆದರೆ ಇಂಗ್ಲಿಷಿನಲ್ಲಿದ್ದ ಆ ಸಹಿಯನ್ನು 'ಲೋ' ಎಂದು ಓದದೆ 'ಕೌ' ಎಂದೇ ಬಹುಕಾಲ ಓದಿದನಂತೆ. ಭಾಷೆ ಬರಲಿಲ್ಲ, ಗೆರೆ ಬಂತು! ಕನ್ನಡ ಮಾಧ್ಯಮದ ಮಕ್ಕಳಿಗೆ ಈ ಸಂಗತಿ ಧೈರ್ಯ ಕೊಡುವಂಥದು.

ಮುಂದೆ ತಂದೆಯವರು ಪಾರ್ಶ್ವವಾಯುವಿಗೆ ತುತ್ತಾಗಿ ತೀರಿಕೊಂಡರು. ಹೈಸ್ಕೂಲು ಮುಗಿದ ಮೇಲೆ ಲಕ್ಷ್ಮಣರು ಮುಂಬಯಿಯ ಸರ್ ಜೆ. ಜೆ. ಕಲಾಶಾಲೆಗೆ ಅರ್ಜಿ ಹಾಕಿದರು. ದೇಶದಲ್ಲಿಯೇ ಹೆಸರಾದ ಶಾಲೆ ಅದು. ಅಲ್ಲಿಯ ಮುಖ್ಯಸ್ಥರು ಚಿತ್ರಗಳನ್ನು ನೋಡಿ, ತಮ್ಮ ಸಂಸ್ಥೆಯಲ್ಲಿ ಪ್ರವೇಶ ಪಡೆಯಲು ಬೇಕಾದ ಪ್ರತಿಭೆ ಇವುಗಳಲ್ಲಿ ಕಾಣುವುದಿಲ್ಲವೆಂದು ಬರೆದು ಕಳಿಸಿದರು. ಹದಿಹರೆಯದ ಹುಡುಗನಿಗೆ ಇದಕ್ಕಿಂತ ದೊಡ್ಡ ಪೆಟ್ಟು ಯಾವುದು? ಆದರೆ ಲಕ್ಷ್ಮಣರು ಪೆನ್ಸಿಲನ್ನು ಕೆಳಗಿಡಲಿಲ್ಲ. ಮೈಸೂರಿನ ಮಹಾರಾಜಾ ಕಾಲೇಜಿನಲ್ಲಿ ಬಿ.ಎ. ಓದಿದರು. ಓದುತ್ತಿರುವಾಗಲೇ ಅಣ್ಣನ ಕಥೆಗಳಿಗೆ 'ಹಿಂದೂ' ಪತ್ರಿಕೆಯಲ್ಲಿ ಚಿತ್ರ ಬರೆದರು. ಡಾ. ಎಂ. ಶಿವರಾಂ ಅವರು, ಅಂದರೆ 'ರಾಶಿ'ಯವರು, 1942ರಲ್ಲಿ ಆರಂಭಿಸಿದ ಕನ್ನಡದ ಹಾಸ್ಯಮಾಸಿಕ 'ಕೊರವಂಜಿ'ಗೂ ಚಿತ್ರಗಳನ್ನು ಕೊಟ್ಟರು. ದೇಶವೆಲ್ಲ ಕೊಂಡಾಡಿದ ಆ ಕೈ ಆರಂಭದಲ್ಲಿ ಪಳಗಿದ ಅಂಗಳಗಳಲ್ಲಿ ನಮ್ಮ ಕನ್ನಡದ ಪತ್ರಿಕೆಯೂ ಒಂದು. ಕನ್ನಡಿಗರಾದ ನಾವು ಇದನ್ನು ಹೆಮ್ಮೆಯಿಂದ ಹೇಳಿಕೊಳ್ಳಬಹುದು.

ಆಮೇಲೆ ಮುಂಬಯಿ. 'ಫ್ರೀ ಪ್ರೆಸ್ ಜರ್ನಲ್' ಪತ್ರಿಕೆಯಲ್ಲಿ ಕೆಲಸ. ಅಲ್ಲಿ ಅವರ ಜೊತೆಗೆ ಚಿತ್ರ ಬರೆಯುತ್ತಿದ್ದ ಇನ್ನೊಬ್ಬ ತರುಣರು ಬಾಳ ಠಾಕರೆ. ಮುಂದೆ ಅವರ ದಾರಿ ಬೇರೆಯಾಯಿತು, ಇವರ ದಾರಿ ಬೇರೆಯಾಯಿತು. ಲಕ್ಷ್ಮಣರು 'ಟೈಮ್ಸ್ ಆಫ್ ಇಂಡಿಯಾ' ಪತ್ರಿಕೆಯನ್ನು ಸೇರಿದರು. ಅಲ್ಲಿಯೇ ಐವತ್ತು ವರ್ಷಗಳಿಗೂ ಮಿಕ್ಕಿ ದುಡಿದರು. 1951ರಲ್ಲಿ 'ಯೂ ಸೆಡ್ ಇಟ್' ಎಂಬ ತಲೆಬರಹದಡಿ ಅವರ ಚಿಕ್ಕ ವ್ಯಂಗ್ಯಚಿತ್ರ ಬರತೊಡಗಿತು. ಅಂಗೈಯಗಲದ ಚೌಕಟ್ಟು, ಕೆಳಗೆ ಒಂದೆರಡು ಸಾಲು ಮಾತು. ಮುಂಜಾನೆ ಚಹಾದ ಜೊತೆಗೆ ಪತ್ರಿಕೆ ತೆರೆದವರು ದೊಡ್ಡ ಸುದ್ದಿಯನ್ನು ಬಿಟ್ಟು ಮೊದಲು ಅದನ್ನು ನೋಡುತ್ತಿದ್ದರು.

ಆ ಚೌಕಟ್ಟಿನ ಒಂದು ಮೂಲೆಯಲ್ಲಿ ಯಾವಾಗಲೂ ಒಬ್ಬ ಮುದುಕನಿರುತ್ತಾನೆ. ಧೋತರ, ಚೌಕಳಿಯ ಕೋಟು, ದುಂಡು ಕನ್ನಡಕ, ಬೋಳು ತಲೆಯ ಹಿಂದೆ ಉಳಿದ ನಾಲ್ಕು ಕೂದಲು. ಅವನೇ 'ಕಾಮನ್ ಮ್ಯಾನ್', ಶ್ರೀಸಾಮಾನ್ಯ. ಮಂತ್ರಿಗಳು ಭಾಷಣ ಮಾಡುತ್ತಾರೆ, ಅಧಿಕಾರಿಗಳು ಫೈಲು ಸರಿಸುತ್ತಾರೆ, ರಸ್ತೆ ಕುಸಿಯುತ್ತದೆ, ಬೆಲೆ ಏರುತ್ತದೆ. ಅವನು ನೋಡುತ್ತ ನಿಂತಿರುತ್ತಾನೆ. ತುಟಿ ಎರಡು ಮಾಡುವುದಿಲ್ಲ. ಇವನು ಹುಟ್ಟಿದ ಬಗೆಯನ್ನು ಲಕ್ಷ್ಮಣರೇ ಹೇಳಿದ್ದುಂಟು. ಮೊದಮೊದಲು ದೇಶದ ಜನರನ್ನೆಲ್ಲ ತೋರಿಸಬೇಕೆಂದು ಬಂಗಾಲಿ, ಪಂಜಾಬಿ, ತಮಿಳ ಎಂದು ಒಬ್ಬೊಬ್ಬರನ್ನೂ ಅವರವರ ಉಡುಪಿನಲ್ಲಿ ಬರೆಯುತ್ತಿದ್ದರಂತೆ. ಪತ್ರಿಕೆ ಅಚ್ಚಿಗೆ ಹೋಗುವ ಅವಸರದಲ್ಲಿ ಅಷ್ಟು ಜನರನ್ನು ಬರೆಯಲು ವೇಳೆ ಸಾಲದು. ಒಬ್ಬೊಬ್ಬರನ್ನೇ ಬಿಡುತ್ತ ಬಂದು ಕೊನೆಗೆ ಉಳಿದವನು ಇವನೊಬ್ಬ. ಇವನು ಯಾವ ಪ್ರಾಂತದವನೆಂದು ಹೇಳಲು ಬಾರದು, ಎಲ್ಲರೂ ತಮ್ಮವನೆನ್ನುತ್ತಾರೆ. ನಮಗಂತೂ ಅವನು ಸೋಲಾಪುರದ ಮಂಗಳವಾರ ಪೇಟೆಯಲ್ಲಿ ಲೆಕ್ಕದ ಪುಸ್ತಕ ಬಗಲಲ್ಲಿಟ್ಟುಕೊಂಡು ಹೋಗುವ ಹಳೆಯ ದಿವಾಣಜಿಯಂತೆಯೇ ಕಾಣುತ್ತಾನೆ.

ಗಡಿನಾಡಿನ ನಮಗೆ ಇದರಲ್ಲಿ ಇನ್ನೂ ಒಂದು ಸ್ವಾರಸ್ಯವಿದೆ. ಲಕ್ಷ್ಮಣರ ಮನೆಮಾತು ತಮಿಳು. ಬೆಳೆದ ಊರು ಕನ್ನಡದ್ದು. ದುಡಿದ ಪತ್ರಿಕೆ ಇಂಗ್ಲಿಷ್. ಬಾಳಿದ ನಗರ ಮರಾಠಿಯದು. ನಮ್ಮ ಮಕ್ಕಳ ಸ್ಥಿತಿಯೂ ಬಹುಮಟ್ಟಿಗೆ ಇಂಥದೇ. ಮನೆಯಲ್ಲಿ ಕನ್ನಡ, ಎಸ್.ಟಿ. ಸ್ಟ್ಯಾಂಡಿನಲ್ಲಿ ಮರಾಠಿ, ಟಿ.ವಿ.ಯಲ್ಲಿ ಹಿಂದಿ, ಮುಂದಿನ ಕಾಲೇಜಿನಲ್ಲಿ ಇಂಗ್ಲಿಷ್. ಹತ್ತನೆಯ ಇಯತ್ತೆಯ ನಂತರ "ನಮ್ಮ ಮಾಧ್ಯಮದವರಿಗೆ ಮುಂದೇನು?" ಎಂಬ ಚಿಂತೆ ಪ್ರತಿ ವರ್ಷ ಎಷ್ಟೋ ಪಾಲಕರನ್ನು ಕಾಡುತ್ತದೆ, ನಮ್ಮ ಕಾರ್ಯಾಲಯಕ್ಕೆ ಬಂದು ಕೇಳುವವರೂ ಉಂಟು. ಭಾಷೆ ಬದಲಾದರೂ ಬದಲಾಗದ ಒಂದು ವಿದ್ಯೆ ಕೈಯಲ್ಲಿದ್ದರೆ ಮಗುವಿಗೆ ಆ ದಾಟು ಅಷ್ಟು ಭಯಾನಕವಾಗದು. ತ್ರಿಕೋನಕ್ಕೆ ಮಾಧ್ಯಮವಿಲ್ಲ, ಎತ್ತಿನ ಕೋಡಿಗೂ ಮಾಧ್ಯಮವಿಲ್ಲ.

ಈಗ ಆ ಮಹನೀಯರ ದುಡಿಮೆಯ ಲೆಕ್ಕ ಹಾಕೋಣ. ದಿನಕ್ಕೊಂದು ಚಿಕ್ಕ ಚಿತ್ರ. ವರ್ಷಕ್ಕೆ 300 ಎಂದು ಹಿಡಿದರೂ 50 ವರ್ಷಕ್ಕೆ 15,000. ಇದು ನಮ್ಮ ಸ್ಥೂಲ ಲೆಕ್ಕ. ನಡುನಡುವೆ ಬರೆದ ದೊಡ್ಡ ರಾಜಕೀಯ ಚಿತ್ರಗಳನ್ನು ಇದರಲ್ಲಿ ಹಿಡಿದಿಲ್ಲ. ಇವು ಸ್ಫೂರ್ತಿ ಬಂದಾಗ ಬರೆದವುಗಳಲ್ಲ. ಮುಂಜಾನೆ ಕಚೇರಿಗೆ ಹೋಗಬೇಕು, ಆ ದಿನದ ಪತ್ರಿಕೆಗಳನ್ನೆಲ್ಲ ಓದಬೇಕು, ಯಾವ ಮಂತ್ರಿ ಏನೆಂದ, ಯಾವ ಯೋಜನೆಗೆ ಎಷ್ಟು ಹಣ ಎಂಬುದನ್ನು ತಿಳಿಯಬೇಕು. ನಂತರ ತಾಸುಗಟ್ಟಲೆ ಕುಳಿತು ಯೋಚಿಸಬೇಕು. ಒಮ್ಮೊಮ್ಮೆ ಏನೂ ಹೊಳೆಯುವುದಿಲ್ಲ. ಆದರೂ ಸಂಜೆಗೆ ಚಿತ್ರ ಬೇಕೇ ಬೇಕು. ಹೊಳೆದ ಮೇಲೆ ಗೆರೆ. ಕೈಯ ಕೆಲಸಕ್ಕಿಂತ ತಲೆಯ ಕೆಲಸವೇ ಹೆಚ್ಚು. "ಚಿತ್ರ ತೆಗೆಯುವವನಿಗೆ ಓದು ಬೇಡ" ಎಂಬುವವರು ಇಲ್ಲಿ ಸ್ವಲ್ಪ ನಿಲ್ಲಬೇಕು. ಪತ್ರಿಕೆ ಓದಲು ಬಾರದವನು, ನಾಡಿನ ಇತಿಹಾಸ ತಿಳಿಯದವನು ಲಕ್ಷ್ಮಣನಾಗಲಾರನು. ಆದ್ದರಿಂದ ಚಿತ್ರಕ್ಕಾಗಿ ಅಭ್ಯಾಸ ಬಿಡಬೇಕೆಂಬುದು ನಮ್ಮ ವಾದವೇ ಅಲ್ಲ.

ನೋಡುವುದೂ ಒಂದು ದುಡಿಮೆ. ಲಕ್ಷ್ಮಣರ ಚಿತ್ರದಲ್ಲಿ ಸರ್ಕಾರಿ ಕಚೇರಿಯೊಂದು ಬಂತೆಂದರೆ ಕುರ್ಚಿಯ ಬೆತ್ತ ಹರಿದಿರುತ್ತದೆ, ಫೈಲಿನ ಕಟ್ಟು ಸಡಿಲಾಗಿರುತ್ತದೆ, ಬಾಗಿಲಲ್ಲಿ ಜವಾನ ಜಗ್ಗಿಹೋದ ಚೀಲದಂತೆ ಕುಳಿತಿರುತ್ತಾನೆ. ಇದನ್ನೆಲ್ಲ ಮೊದಲು ಕಣ್ಣಿನಿಂದ ಕಂಡಿರಬೇಕು. ನಮ್ಮ ಮಕ್ಕಳು ದಿನವೂ ಎಸ್.ಟಿ. ಬಸ್ಸಿನಲ್ಲಿ ಬರುತ್ತಾರೆ. ಕಂಡಕ್ಟರರು ಟಿಕೀಟು ಕೊಡುವಾಗ ಯಾವ ಕೈಯಲ್ಲಿ ಕಂಬಿ ಹಿಡಿದಿರುತ್ತಾರೆಂದು ಕೇಳಿದರೆ ಎಷ್ಟು ಜನ ಹೇಳಬಲ್ಲರು? ಪೆನ್ಸಿಲು ಹಿಡಿದು ಒಮ್ಮೆ ಕಂಡಕ್ಟರರನ್ನು ಬರೆಯಹೋದವನು ಮಾತ್ರ ಹೇಳಬಲ್ಲನು. ವಿಜ್ಞಾನದ ವಹಿಯಲ್ಲಿ ಹೂವಿನ ಛೇದ ತೆಗೆಯುವಾಗ, ಭೂಗೋಲದಲ್ಲಿ ಭೀಮಾ ನದಿಯ ಬಳುಕು ಎಳೆಯುವಾಗ ಇದೇ ಕಣ್ಣು ಕೆಲಸಕ್ಕೆ ಬರುತ್ತದೆ.

ಲಕ್ಷ್ಮಣರು ಮಾಡಿದ್ದು ವ್ಯಂಗ್ಯಚಿತ್ರವಷ್ಟೇ ಅಲ್ಲ. ಕೈಯಲ್ಲಿ ಬಣ್ಣದ ಡಬ್ಬಿ, ಕುಂಚ ಹಿಡಿದ ಪೋರ ಹುಡುಗ 'ಗಟ್ಟು' ಪಾಲಕರಿಗೆ ನೆನಪಿರಬಹುದು. ಏಶಿಯನ್ ಪೇಂಟ್ಸ್ ಕಂಪನಿಗೆ 1954ರಲ್ಲಿ ಅವನನ್ನು ಬರೆದುಕೊಟ್ಟವರು ಇವರೇ. 1986ರಲ್ಲಿ ಶಂಕರ ನಾಗ್ ಅವರು ಆಗುಂಬೆಯಲ್ಲಿ ಚಿತ್ರೀಕರಿಸಿದ 'ಮಾಲ್ಗುಡಿ ಡೇಜ್' ಧಾರಾವಾಹಿಯ ಆರಂಭದಲ್ಲಿ ಬರುವ ರೇಖಾಚಿತ್ರಗಳೂ ಇವರವೇ. 1984ರಲ್ಲಿ ಮ್ಯಾಗಸೇಸೆ ಪ್ರಶಸ್ತಿ, 2005ರಲ್ಲಿ ಪದ್ಮವಿಭೂಷಣ ಬಂದವು. ಪುಣೆಯ ಸಿಂಬಾಯೋಸಿಸ್ ಸಂಸ್ಥೆಯ ಆವಾರದಲ್ಲಿ ಶ್ರೀಸಾಮಾನ್ಯನ ಕಂಚಿನ ಪ್ರತಿಮೆ ನಿಂತಿದೆ. ರಾಜಮಹಾರಾಜರ ಪುತ್ಥಳಿಗಳಿರುವ ನಾಡಿನಲ್ಲಿ ಶಾಯಿಯಿಂದ ಹುಟ್ಟಿದ ಮುದುಕನಿಗೂ ಒಂದು ಪೀಠ ಸಿಕ್ಕಿತು. 2003ರಲ್ಲಿ ಲಕ್ಷ್ಮಣರಿಗೆ ಪಾರ್ಶ್ವವಾಯು ಬಡಿದು ಎಡಭಾಗ ಸ್ವಾಧೀನ ತಪ್ಪಿತು. ಬಲಗೈ ಉಳಿದಿತ್ತು; ಆ ಕೈಯಿಂದ ಮತ್ತೆ ಬರೆದರು. 2015ರ ಜನೇವರಿ 26ರಂದು, 93ನೆಯ ವಯಸ್ಸಿನಲ್ಲಿ, ಪುಣೆಯಲ್ಲಿ ತೀರಿಕೊಂಡರು.

"ಅವರು ಮೈಸೂರಿನವರು, ದೊಡ್ಡ ಮನೆತನದವರು, ಅಣ್ಣ ಲೇಖಕ, ನಮ್ಮ ಕಡೆಯವರಿಗೆ ಇದು ಸಾಧ್ಯವೇ?" ಎಂದು ಪಾಲಕರು ಕೇಳಬಹುದು. ಹಾಗಿದ್ದರೆ ಅಕ್ಕಲಕೋಟ ರೋಡ್ ಸ್ಟೇಶನ್ನಿನಲ್ಲಿ ರೈಲು ಹತ್ತಿರಿ. ಒಂದೆರಡು ತಾಸಿಗೆ ಕಲಬುರ್ಗಿ ಬರುತ್ತದೆ. ಎಸ್. ಎಂ. ಪಂಡಿತರು 1916ರಲ್ಲಿ ಹುಟ್ಟಿದ ಊರು ಅದು. ಆಗ ಅದು ನಿಜಾಮರ ಸೀಮೆ. ಪಂಡಿತರು ಮದ್ರಾಸಿನಲ್ಲಿ ಕಲಿತು, ಇದೇ ರೈಲು ಮಾರ್ಗದ ಇನ್ನೊಂದು ತುದಿಯಾದ ಮುಂಬಯಿಗೆ ಹೋಗಿ, ನೂತನ ಕಲಾ ಮಂದಿರದಲ್ಲಿಯೂ ಜೆ. ಜೆ. ಕಲಾಶಾಲೆಯಲ್ಲಿಯೂ ಅಭ್ಯಾಸ ಮಾಡಿದರು. ಹೊಟ್ಟೆಪಾಡಿಗೆ ಸಿನೇಮಾದ ಕೆಲಸ ಹಿಡಿದರು. ಇಂಗ್ಲಿಷ್ ಚಿತ್ರಗಳ ಜಾಹೀರಾತಿಗಾಗಿ ಥಿಯೇಟರಿನ ಮುಂದೆ ಇಡುವ ಶೋ-ಕಾರ್ಡುಗಳನ್ನು ಬರೆದರು. ಬಾಬುರಾವ್ ಪಟೇಲರ 'ಫಿಲ್ಮ್ ಇಂಡಿಯಾ' ಮಾಸಿಕಕ್ಕೆ ಮುಖಪುಟಗಳನ್ನು ಬರೆದರು. ಆಮೇಲೆ ಕ್ಯಾಲೆಂಡರುಗಳು. ರಾಮಾಯಣ, ಮಹಾಭಾರತ, ಶಾಕುಂತಲಗಳ ಪ್ರಸಂಗಗಳು ಅವರ ಕುಂಚದಿಂದ ಇಳಿದು ಅಚ್ಚಾಗಿ ಬಡವರ ಗೋಡೆಗೂ ಬಂದವು. ಕನ್ಯಾಕುಮಾರಿಯ ವಿವೇಕಾನಂದರ ಪ್ರಸಿದ್ಧ ಚಿತ್ರವನ್ನು ರಚಿಸಿದವರೂ ಅವರೇ. 1978ರಲ್ಲಿ ಲಂಡನ್ನಿನಲ್ಲಿ ಅವರ ಚಿತ್ರಗಳ ಪ್ರದರ್ಶನವಾಯಿತು. ಮುಂಬಯಿಯ ವೈಭವವನ್ನು ಕಂಡ ಮೇಲೆ ಮತ್ತೆ ಕಲಬುರ್ಗಿಗೇ ಬಂದು ನೆಲೆಸಿ ಬರೆದರು, 1993ರಲ್ಲಿ ಕಾಲವಾದರು.

ಕ್ಯಾಲೆಂಡರು ಎಂದರೆ ಮೂಗು ಮುರಿಯುವ ಪಂಡಿತರಿದ್ದಾರೆ (ಇದು ಎಸ್. ಎಂ. ಪಂಡಿತರ ಮಾತಲ್ಲ). ಅವರಿಗೆ ನಮ್ಮದೊಂದು ಪ್ರಶ್ನೆ. ಅಕ್ಕಲಕೋಟದ ಸ್ವಾಮಿ ಸಮರ್ಥರ ಚಿತ್ರವಿಲ್ಲದ ಮನೆ ಈ ಭಾಗದಲ್ಲಿ ಎಷ್ಟಿವೆ? ದಿನವೂ ಆ ಚಿತ್ರಕ್ಕೆ ಊದಿನಕಡ್ಡಿ ಬೆಳಗುವ ನಾವು, ಅದನ್ನು ಬರೆದ ಕೈ ಯಾವುದೆಂದು ಒಂದು ದಿನವಾದರೂ ಕೇಳಿದ್ದೇವೆಯೇ? ದೇವರ ಚಿತ್ರಕ್ಕೆ ಕೈ ಮುಗಿಯುತ್ತೇವೆ, ಚಿತ್ರ ತೆಗೆಯುವ ಮಗನಿಗೆ ಕೈ ಎತ್ತುತ್ತೇವೆ.

ನಮ್ಮ ಜಿಲ್ಲೆಯೇನು ಕಡಿಮೆಯದಲ್ಲ. ಎಂ. ಎಫ್. ಹುಸೇನರು 1915ರಲ್ಲಿ ಹುಟ್ಟಿದ್ದು ಪಂಢರಪುರದಲ್ಲಿ. ಮುಂಬಯಿಯಲ್ಲಿ ಸಿನೇಮಾದ ದೊಡ್ಡ ಫಲಕಗಳಿಗೆ ಬಣ್ಣ ಬಳಿದು ಹೊಟ್ಟೆ ಹೊರೆದೇ ಅವರು ಮೇಲೆ ಬಂದರು. ಅಷ್ಟು ದೂರವೂ ಬೇಡ. ಹೊದೆಯುವ ಚಾದರವನ್ನು ಬಿಡಿಸಿ ನೋಡಿರಿ. ಸೋಲಾಪುರಿ ಚಾದರದ ಮೇಲಿನ ನವಿಲು ಮಗ್ಗದಲ್ಲಿ ತಾನಾಗಿ ಕುಣಿದು ಬಂದದ್ದಲ್ಲ. ಚೌಕಳಿಯ ಆಲೇಖ ಕಾಗದದ ಮೇಲೆ ಒಬ್ಬ ಚಿತ್ರಕಾರನು ಅದನ್ನು ಮನೆ ಮನೆಯಾಗಿ ತುಂಬುತ್ತಿದ್ದನು. ಒಂದೊಂದು ಮನೆಯೆಂದರೆ ಹಾಸು ಹೊಕ್ಕುಗಳ ಎಳೆಗಳು ಕೂಡುವ ಒಂದೊಂದು ಜಾಗ. ಆ ಪ್ರಕಾರ ರಟ್ಟಿನಲ್ಲಿ ತೂತು ಹೊಡೆದು, ಆ ರಟ್ಟುಗಳ ಮಾಲೆಯನ್ನು ಜಕಾರ್ಡ್ ಯಂತ್ರಕ್ಕೆ ಏರಿಸಿದರೆ ಯಾವ ಎಳೆ ಏಳಬೇಕು, ಯಾವುದು ಕೆಳಗಿರಬೇಕು ಎಂಬುದು ತೂತಿನಿಂದ ತೀರ್ಮಾನವಾಗುತ್ತದೆ. ಈಗ ಈ ಕೆಲಸಕ್ಕೆ ಕಂಪ್ಯೂಟರೂ ಬಂದಿದೆ. ಆದರೂ ನವಿಲಿನ ಕತ್ತು ಎಲ್ಲಿ ಬಾಗಬೇಕೆಂಬುದನ್ನು ಒಬ್ಬ ಮನುಷ್ಯನೇ ಹೇಳಬೇಕು. ಒಂದು ಮನೆ ತಪ್ಪಿದರೆ ಸಾವಿರ ಚಾದರಗಳಲ್ಲಿ ನವಿಲಿಗೆ ಕಣ್ಣು ತಪ್ಪುತ್ತದೆ. ಸೋಲಾಪುರಿ ಚಾದರಕ್ಕೆ ಭೌಗೋಲಿಕ ಗುರುತಿನ ಮಾನ್ಯತೆ ದೊರೆತಿದೆ. ಆ ಮಾನ್ಯತೆಯಲ್ಲಿ ನೇಕಾರನ ಕೈಯ ಜೊತೆಗೆ ನಕ್ಷೆ ಬರೆದವನ ಕೈಯೂ ಇದೆ. ಊರಿನ ಅನ್ನದಲ್ಲಿ ಚಿತ್ರದ ಪಾಲಿದೆ ಎಂದಾಯಿತಲ್ಲವೇ?

ಎಲ್ಲವೂ ಹೂವಿನ ಹಾಸಿಗೆಯೆಂದು ನಾವು ಹೇಳುವುದಿಲ್ಲ. ಹಾಗೆ ಹೇಳಿದರೆ ಪಾಲಕರಿಗೆ ಮೋಸ ಮಾಡಿದಂತೆ. ಒಂದು ಕಾಲಕ್ಕೆ ಅಂಗಡಿಯ ಬೋರ್ಡು, ಲಾರಿಯ ಹಿಂಬದಿ, ಗೋಡೆಯ ಜಾಹೀರಾತು ಎಲ್ಲವನ್ನೂ ಪೇಂಟರರು ಕೈಯಿಂದ ಬರೆಯುತ್ತಿದ್ದರು. ಫ್ಲೆಕ್ಸ್ ಬಂದ ಮೇಲೆ ಎಷ್ಟೋ ಪೇಂಟರರ ಕುಂಚ ಒಣಗಿದವು. ಸುಂದರ ಅಕ್ಷರ ಬರೆಯುತ್ತಿದ್ದ ಕೈಗಳು ಬೇರೆ ಕೆಲಸ ಹುಡುಕಿಕೊಂಡವು. ಈಗಂತೂ ಮೊಬಾಯಿಲಿಗೆ ಬಾಯಿಂದ ಹೇಳಿದರೆ ಕ್ಷಣಾರ್ಧದಲ್ಲಿ ಚಿತ್ರ ಬರುತ್ತದೆ. "ಇನ್ನು ಕೈಯಿಂದ ತೆಗೆಯುವುದೇಕೆ?" ಎಂಬ ಪ್ರಶ್ನೆ ಸುಳ್ಳಲ್ಲ. ನಮಗೂ ಇದಕ್ಕೆ ಪೂರ್ಣ ಉತ್ತರ ಗೊತ್ತಿಲ್ಲ. ಆದರೆ ಲಕ್ಷ್ಮಣರ ದಿನಚರಿಯನ್ನು ಮತ್ತೆ ನೋಡಿರಿ. ಅವರ ದಿನದ ಬಹುಭಾಗ ಹೋಗುತ್ತಿದ್ದುದು ಇಂದು ಏನನ್ನು ಬರೆಯಬೇಕೆಂದು ಕಂಡುಕೊಳ್ಳುವುದರಲ್ಲಿ. ಯಂತ್ರವು ಗೆರೆಯನ್ನು ಎಳೆದೀತು. ಜಗತ್ತಿನ ಯಾವ ತಪ್ಪನ್ನು ಕಂಡು ನಗಬೇಕು, ಯಾವುದನ್ನು ಕಂಡು ಸುಮ್ಮನೆ ನಿಲ್ಲಬೇಕು ಎಂಬುದನ್ನು ಆ ಮುದುಕನಿಗೆ ಕಲಿಸಿದವರು ಲಕ್ಷ್ಮಣರು. ಆ ಕಲಿಕೆ ಪೆನ್ಸಿಲು ಹಿಡಿದು ಸಾವಿರ ಸಲ ತಪ್ಪಿದವನಿಗೆ ಬರುವಷ್ಟು ಸುಲಭವಾಗಿ ಬೇರೆಯವರಿಗೆ ಬರದು.

ಈಗ ನಮ್ಮ ಮನೆಯೊಳಗಿನ ದೋಷಕ್ಕೆ ಬರೋಣ. ನಮ್ಮ ರಾಜ್ಯದಲ್ಲಿ ಕಲಾ ಸಂಚಾಲನಾಲಯದವರು ಎಲಿಮೆಂಟರಿ, ಇಂಟರ್‌ಮೀಡಿಯೆಟ್ ಎಂಬ ಎರಡು ಚಿತ್ರಕಲಾ ಪರೀಕ್ಷೆಗಳನ್ನು ನಡೆಸುತ್ತಾರೆ. ವಸ್ತುಚಿತ್ರ, ಸ್ಮರಣಚಿತ್ರ, ಸಂಕಲ್ಪಚಿತ್ರ, ಭೂಮಿತಿ ಮತ್ತು ಅಕ್ಷರಲೇಖನ ಎಂದು ಒಳ್ಳೆಯ ವಿಷಯಗಳಿವೆ. ಇಂಟರ್‌ಮೀಡಿಯೆಟ್ ಪಾಸಾದವರಿಗೆ ಹತ್ತನೆಯ ಪರೀಕ್ಷೆಯಲ್ಲಿ ಕೆಲವು ಹೆಚ್ಚಿನ ಗುಣಗಳೂ ಸಿಗುತ್ತವೆ. ಇದು ಸ್ವಾಗತಾರ್ಹ. ಆದರೆ ಆಗುತ್ತಿರುವುದೇನು? ಪಾಲಕರು ಆ ಗುಣಗಳಿಗಾಗಿ ಮಾತ್ರ ಫಾರ್ಮು ತುಂಬಿಸುತ್ತಾರೆ. ಮಗು ಪುಸ್ತಕದಲ್ಲಿಯ ಒಂದು ಹೂದಾನಿ, ಒಂದು ಬಾಳೆಹಣ್ಣು, ಒಂದು ಜಾತ್ರೆಯ ದೃಶ್ಯವನ್ನು ಕಂಠಪಾಠ ಮಾಡಿದಂತೆ ಕೈಪಾಠ ಮಾಡುತ್ತದೆ. ಜಾತ್ರೆಯೆಂದರೆ ಎಲ್ಲರ ಕಾಗದದಲ್ಲಿಯೂ ಅದೇ ರಾಟೆತೊಟ್ಟಿಲು, ಅದೇ ಬಲೂನಿನವನು. ಸಂಕ್ರಾಂತಿಗೆ ಸಿದ್ಧೇಶ್ವರ ಜಾತ್ರೆಯಲ್ಲಿ ಎತ್ತರದ ನಂದಿಕೋಲುಗಳನ್ನು ಹೊತ್ತು ನಡೆಯುವವರ ಸೊಂಟದ ಪಟ್ಟಿ ಹೇಗೆ ಬಿಗಿದಿರುತ್ತದೆ, ತೋಳಿನ ನರಗಳು ಹೇಗೆ ಉಬ್ಬಿರುತ್ತವೆ ಎಂಬುದನ್ನು ಕಣ್ಣಾರೆ ಕಾಣುವ ನಮ್ಮ ಮಕ್ಕಳು, ಸ್ಮರಣಚಿತ್ರದಲ್ಲಿ ಎಲ್ಲಿಯದೋ ಪುಸ್ತಕದ ಜಾತ್ರೆಯನ್ನು ಬರೆದು ಬರುತ್ತಾರೆ! ಪರೀಕ್ಷೆ ಮುಗಿದ ಮರುದಿನ ಬಣ್ಣದ ಪೆಟ್ಟಿಗೆ ಮಾಳಿಗೆ ಸೇರುತ್ತದೆ. ಗುಣ ಬಂದವು, ಚಿತ್ರ ಹೋಯಿತು.

ಹೆಣ್ಣುಮಕ್ಕಳ ವಿಷಯವಾಗಿ ಒಂದು ಮಾತು ಹೇಳದಿದ್ದರೆ ಲೇಖನ ಅಪೂರ್ಣವಾದೀತು. ಈ ಊರಿನಲ್ಲಿ ಬೆಳಗಾದರೆ ಅಂಗಳದಲ್ಲಿ ಅಳತೆಯ ಪಟ್ಟಿಯಿಲ್ಲದೆ, ಕಂಪಾಸ್ ಇಲ್ಲದೆ, ಬೆರಳ ಸಂದಿಯಿಂದ ಪುಡಿ ಬಿಟ್ಟು ಹದಿನೈದು ಚುಕ್ಕೆಯ ರಂಗೋಲಿಯನ್ನು ತಪ್ಪಿಲ್ಲದೆ ಮುಗಿಸುವ ಬಾಲಿಕೆಯರಿದ್ದಾರೆ. ಭೂಮಿತಿಯಲ್ಲಿ ಕಲಿಸುವ ಸಮಮಿತಿ ಅವರ ಬೆರಳಲ್ಲಿಯೇ ಇದೆ. ಅದಕ್ಕೆ ನಾವು ಕೊಡುವ ಹೆಸರು ಮನೆಗೆಲಸ. ಅದೇ ಬಾಲಿಕೆ "ನಾನು ಮುಂದೆ ಚಿತ್ರಕಲೆ ಕಲಿಯುತ್ತೇನೆ" ಎಂದರೆ "ಅದಕ್ಕೇನು ಕಾಲೇಜು ಬೇಕೇ?" ಎಂಬ ನಗೆ. ಬೇಕು. ಹನ್ನೆರಡನೆಯ ಇಯತ್ತೆಯ ನಂತರ ಪ್ರವೇಶ ಪರೀಕ್ಷೆ ಕೊಟ್ಟು ಬಿ.ಎಫ್.ಎ. ಪದವಿಗೆ ಹೋಗಬಹುದು, ಜೆ. ಜೆ. ಕಲಾಶಾಲೆಯ ಬಾಗಿಲು ಅವಳಿಗೂ ತೆರೆದಿದೆ. ಕಲಬುರ್ಗಿಯಲ್ಲಿಯೂ ದೃಶ್ಯಕಲೆಯ ಮಹಾವಿದ್ಯಾಲಯಗಳಿವೆ, ಅಲ್ಲಿ ಕನ್ನಡ ಬಲ್ಲ ಗುರುಗಳೂ ಇದ್ದಾರೆ. ಪಠ್ಯಪುಸ್ತಕಕ್ಕೆ ಚಿತ್ರ ಬೇಕು, ಜವಳಿಗೆ ನಕ್ಷೆ ಬೇಕು, ಪತ್ರಿಕೆಗೆ, ಚಲನಚಿತ್ರಕ್ಕೆ, ಮಕ್ಕಳ ಪುಸ್ತಕಕ್ಕೆ ಬರೆಯುವವರು ಬೇಕು. ಈ ದಾರಿಗಳನ್ನು ಹತ್ತನೆಯ ಇಯತ್ತೆಯ ಪಾಲಕರ ಸಭೆಯಲ್ಲಿ ಇಂಜಿನಿಯರಿಂಗ್, ಡಿ.ಎಡ್. ಜೊತೆಗೆ ಒಂದೇ ಸಾಲಿನಲ್ಲಿ ಹೇಳಬೇಕೆಂಬುದು ನಮ್ಮ ಸೂಚನೆ. ಮತ್ತು ಚಿತ್ರಕಲೆಯ ತಾಸನ್ನು, ಪರೀಕ್ಷೆ ಎಷ್ಟೇ ಹತ್ತಿರ ಬರಲಿ, ಯಾರೂ ಕಡ ತೆಗೆದುಕೊಳ್ಳಬಾರದು. ಕಡ ತೆಗೆದುಕೊಂಡವರು ಬಡ್ಡಿ ಸಮೇತ ತಿರುಗಿ ಕೊಡುವುದಾದರೆ ನಮ್ಮ ತಕರಾರಿಲ್ಲ.

ವಿದ್ಯಾರ್ಥಿ ಮಿತ್ರರೇ, ಲಕ್ಷ್ಮಣರಿಗೆ ಕಾಗೆಗಳೆಂದರೆ ಬಹಳ ಪ್ರೀತಿ. ಬಾಲ್ಯದಿಂದಲೂ ನೋಡಿದರು, ಬರೆದರು, ಮುಪ್ಪಿನವರೆಗೂ ಬಿಡಲಿಲ್ಲ. ಎಲ್ಲರೂ ಹಚಾ ಎಂದು ಓಡಿಸುವ ಪಕ್ಷಿಯಲ್ಲಿ ಅವರಿಗೆ ಚೆಲುವು ಕಂಡಿತು. ನಮ್ಮ ಶಾಲೆಯ ಬೇವಿನ ಗಿಡದ ಕೆಳಗೆ ಮಧ್ಯಾಹ್ನದ ಊಟದ ಹೊತ್ತಿಗೆ ಕಾಗೆಗಳ ಸಭೆಯೇ ಕೂಡುತ್ತದೆ. ಮುಂದಿನ ವಾರ್ಷಿಕ ಸಂಚಿಕೆಗಾಗಿ ಪ್ರತಿಯೊಂದು ತರಗತಿಯಿಂದ ಕಾಗೆಯ ಚಿತ್ರಗಳನ್ನು ಆಹ್ವಾನಿಸುತ್ತಿದ್ದೇವೆ. ಬಿಳಿಯ ಹಾಳೆ, ಕಪ್ಪು ಶಾಯಿ, ಅಂಗೈಯಗಲದ ಚೌಕಟ್ಟು. ಟ್ರೇಸ್ ಮಾಡಿದ್ದು ಬೇಡ, ಪುಸ್ತಕದಿಂದ ತೆಗೆದದ್ದು ಬೇಡ, ಮೊಬಾಯಿಲಿನದಂತೂ ಬೇಡವೇ ಬೇಡ. ಹಿಂಬದಿಯಲ್ಲಿ ಹೆಸರು, ಇಯತ್ತೆ, ತುಕಡಿ ಬರೆದು ಚಿತ್ರಕಲೆಯ ಗುರುಗಳ ಕಡೆಗೆ ಕೊಡತಕ್ಕದ್ದು. ಇಡೀ ಕಾಗೆಯನ್ನು ಕಪ್ಪಾಗಿ ತುಂಬಿದ ಚಿತ್ರಗಳನ್ನು ತಿರುಗಿ ಕಳಿಸಲಾಗುವುದು. ನಮ್ಮ ಊರಿನ ಕಾಗೆಯ ಕುತ್ತಿಗೆ ಬೂದಿ ಬಣ್ಣದ್ದು. ಒಮ್ಮೆ ಹೊರಗೆ ಹೋಗಿ ನೋಡಿ ಬರಬೇಕು.